ಯಾರೊಡನೆ, ಎಲ್ಲಿಗೆ: ವಾರಾಂತ್ಯದ ನಡಿಗೆಗೆ ಬೆಂಗಳೂರಿನ ಐದು ದಾರಿಗಳು

ವಾರಾಂತ್ಯಕ್ಕೆ ಎಲ್ಲಾದರೂ ಹೋಗೋಣ ಎಂದು ಗೆಳೆಯರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರಾದರೂ ಬಾಯಿಬಿಟ್ಟರೆ ಸಾಕು, ನಂದಿಬೆಟ್ಟ, ಸ್ಕಂದಗಿರಿ, ಸಾವನದುರ್ಗ ಎಂದು ಬೆಟ್ಟಗಳ ಸಾಲೇ ಬರುತ್ತದೆ. ಕಾರು ಯಾರದು, ನಸುಕಿನಲ್ಲಿ ಏಳುವವರು ಯಾರು, ಟೋಲ್ ಹಣ ಯಾರ ಲೆಕ್ಕಕ್ಕೆ ಎಂಬ ಚರ್ಚೆ ಮುಗಿಯುವಷ್ಟರಲ್ಲಿ ಶುಕ್ರವಾರ ರಾತ್ರಿಯಾಗಿ ಅರ್ಧ ಜನ ಕೈಕೊಟ್ಟಿರುತ್ತಾರೆ. ಊರೊಳಗೇ ನಡೆಯುವುದಾದರೆ ಈ ರಗಳೆಯಿಲ್ಲ. ಮೆಟ್ರೊ ನಿಲ್ದಾಣದ ಬಾಗಿಲಲ್ಲಿ ಸೇರಿದರೆ ಆಯಿತು. ತಡವಾಗಿ ಬಂದವನು ತಿಂಡಿಯ ಹೊತ್ತಿಗಾದರೂ ಬಂದು ಕೂಡಿಕೊಳ್ಳುತ್ತಾನೆ.

ಬೆಂಗಳೂರಿನಲ್ಲಿ ಹೀಗೆ ನಡೆಯಲು ಯೋಗ್ಯವಾದ ಹಳೆಯ ಭಾಗಗಳು ಐದು: ಲಾಲ್‌ಬಾಗ್, ಬಸವನಗುಡಿ, ಪೇಟೆ, ಕಬ್ಬನ್ ಪಾರ್ಕ್, ಮಲ್ಲೇಶ್ವರ. ಇವುಗಳಲ್ಲಿ ಯಾವುದು ಚೆಂದ ಎಂದು ಕೇಳಿದರೆ ಜಗಳವೇ ಹೊರತು ಉತ್ತರ ಸಿಗುವುದಿಲ್ಲ. ಮಲ್ಲೇಶ್ವರದವರೂ ಬಸವನಗುಡಿಯವರೂ ಈ ವಿಷಯದಲ್ಲಿ ರಾಜಿಯಾದದ್ದನ್ನು ನಾನು ಕಂಡಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ಜೊತೆಗೆ ಬರುವವರು ಯಾರು, ಅವರೊಡನೆ ಆಡಬೇಕಾದ ಮಾತು ಎಷ್ಟಿದೆ? ಕೆಲವು ದಾರಿಗಳಲ್ಲಿ ಇಬ್ಬರು ಹೆಗಲಿಗೆ ಹೆಗಲು ಕೊಟ್ಟು ಗಂಟೆಗಟ್ಟಲೆ ಮಾತಾಡುತ್ತ ಹೋಗಬಹುದು. ಕೆಲವು ಕಡೆ ಒಬ್ಬರ ಹಿಂದೆ ಒಬ್ಬರು ಸಾಲಾಗಿ ನುಸುಳಬೇಕು, ಹೇಳಿದ್ದು ಕೇಳಿಸುವುದೂ ಕಷ್ಟ. ಇದರ ಜೊತೆಗೆ ಕೂರಲು ಜಾಗ ಇದೆಯೇ, ತಿಂಡಿ ನಡಿಗೆಗೆ ಮೊದಲು ಬೀಳುತ್ತದೋ ಆಮೇಲೋ ಎಂಬುದನ್ನು ನೋಡಿದರೆ ಆಯ್ಕೆ ತಾನಾಗಿ ಆಗಿಬಿಡುತ್ತದೆ.

ಐದರಲ್ಲಿ ನಾಲ್ಕು ಜಾಗಗಳು ಮೆಟ್ರೊದ ಹಸಿರು ಮಾರ್ಗದ ಮೇಲೆಯೇ ಇವೆ. ಕಬ್ಬನ್ ಪಾರ್ಕ್ ಒಂದಕ್ಕೆ ಮಾತ್ರ ಮೆಜೆಸ್ಟಿಕ್‌ನಲ್ಲಿ ಇಳಿದು ನೇರಳೆ ಮಾರ್ಗಕ್ಕೆ ಬದಲಾಯಿಸಿಕೊಳ್ಳಬೇಕು. ಭಾನುವಾರ ಬೆಳಗಿನ ಮೊದಲ ರೈಲು ಉಳಿದ ದಿನಗಳಿಗಿಂತ ತಡವಾಗಿ ಹೊರಡುತ್ತದೆ. ಇದು ಸಣ್ಣ ಸಂಗತಿಯಲ್ಲ. ಪೇಟೆಯ ವಿಷಯಕ್ಕೆ ಬಂದಾಗ ತಿಳಿಯುತ್ತದೆ.

ಲಾಲ್‌ಬಾಗ್: ಎಲ್ಲ ವಯಸ್ಸಿನವರೂ ಬರುವುದಾದರೆ

ಗೆಳೆಯರ ಜೊತೆ ಅವರ ಅಪ್ಪ ಅಮ್ಮ, ಮಕ್ಕಳು, ಊರಿಂದ ಬಂದ ಅತ್ತೆ, ಎಲ್ಲರೂ ಹೊರಟು ನಿಂತರೆ ಬೇರೆ ಯೋಚನೆ ಬೇಡ. ಸುಮಾರು 240 ಎಕರೆಯ ಈ ತೋಟದಲ್ಲಿ ವೇಗವಾಗಿ ನಡೆಯುವವರು ಮುಂದೆ ಹೋಗಿ ಕೆರೆ ಸುತ್ತಿ ಬರುವಷ್ಟರಲ್ಲಿ, ಮಂಡಿ ನೋವಿನವರು ಗಾಜಿನ ಮನೆಯ ಬಳಿಯ ಬೆಂಚಿನಲ್ಲಿ ಆರಾಮವಾಗಿ ಕಾಲು ಚಾಚಿ ಕೂತಿರಬಹುದು. ಯಾರೂ ಯಾರಿಗೂ ಹೊರೆಯಾಗುವುದಿಲ್ಲ.

ಮೆಟ್ರೊದಲ್ಲಿ ಬಂದರೆ ಪಶ್ಚಿಮ ದ್ವಾರ ಹತ್ತಿರ. ಅಲ್ಲಿಂದ ಒಳಹೊಕ್ಕು ಗಾಜಿನ ಮನೆ ನೋಡಿಕೊಂಡು, ಕೆರೆಯ ಕಡೆಗೆ ಇಳಿದು, ಕೊನೆಗೆ ಬಂಡೆ ಹತ್ತಿ, ಮುಖ್ಯ ದ್ವಾರದಿಂದ ಹೊರಬೀಳುವುದು ಒಳ್ಳೆಯ ಕ್ರಮ. 1760ರಲ್ಲಿ ಹೈದರಾಲಿ ಶುರುಮಾಡಿದ ತೋಟ ಇದು. ಗಾಜಿನ ಮನೆಗೆ ಅಡಿಗಲ್ಲು ಬಿದ್ದದ್ದು 1889ರಲ್ಲಿ. ಆದರೆ ಮುಖ್ಯ ದ್ವಾರದ ಬಳಿಯ ಬಂಡೆಯ ಮುಂದೆ ಈ ಇಸವಿಗಳೆಲ್ಲ ನಿನ್ನೆ ಮೊನ್ನೆಯವು. ಅದರ ವಯಸ್ಸು ಸುಮಾರು 300 ಕೋಟಿ ವರ್ಷ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂಬ ಮಾನ್ಯತೆಯೂ ಅದಕ್ಕಿದೆ. ನೆತ್ತಿಯ ಮೇಲೆ ಕೆಂಪೇಗೌಡರ ಗೋಪುರ. ಹತ್ತುವಾಗ ಎಲ್ಲರ ಮಾತೂ ತಾನಾಗಿ ನಿಲ್ಲುತ್ತದೆ, ಏದುಸಿರು ಬಿಡುವುದರಲ್ಲಿ.

ಬೆಳಗಿನ ವಾಯುವಿಹಾರದ ಹೊತ್ತಿನಲ್ಲಿ ಟಿಕೆಟ್ ಇಲ್ಲ, ಆಮೇಲೆ ಇದೆ. ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯ ದಿನದ ಫಲಪುಷ್ಪ ಪ್ರದರ್ಶನದ ಸಮಯದಲ್ಲಿ ನಡಿಗೆಯ ಆಸೆಯಿಂದ ಹೋಗಲೇಬಾರದು. ಆಗ ಅಲ್ಲಿ ನಡೆಯುವುದಿಲ್ಲ, ಜನ ತಳ್ಳಿದ ಕಡೆಗೆ ಸರಿಯುತ್ತೇವೆ.

ತಿಂಡಿ ನಡಿಗೆಯ ಕೊನೆಗೆ ಬೀಳುತ್ತದೆ. ಮುಖ್ಯ ದ್ವಾರದಿಂದ ಸ್ವಲ್ಪ ದೂರದಲ್ಲೇ 1924ರಿಂದ ನಡೆದುಬಂದಿರುವ ಎಂ.ಟಿ.ಆರ್. ಇದೆ. ಯುದ್ಧಕಾಲದಲ್ಲಿ ಅಕ್ಕಿ ಸಿಗದೆ ರವೆಯಲ್ಲಿ ಇಡ್ಲಿ ಮಾಡಿದ ಕತೆ ಇಲ್ಲಿಯದೇ. ವಾರಾಂತ್ಯದ ಬೆಳಿಗ್ಗೆ ಕಾಯಬೇಕಾಗುತ್ತದೆ, ಮಕ್ಕಳಿದ್ದರೆ ಚೀಲದಲ್ಲಿ ಬಿಸ್ಕತ್ತು ಇರಲಿ. ಲಾಲ್‌ಬಾಗಿನ ಕೊರತೆ ಒಂದೇ: ಜನ ಚದುರಿಹೋಗುತ್ತಾರೆ. ಇಬ್ಬರೇ ಕೂತು ಆಡಬೇಕಾದ ಗಹನವಾದ ಮಾತಿದ್ದರೆ ಇಲ್ಲಿಗೆ ದಂಡು ಕಟ್ಟಿಕೊಂಡು ಬರಬೇಡಿ.

ಬಸವನಗುಡಿ: ಹೊಟ್ಟೆ ಮೊದಲು ಎನ್ನುವವರಿಗೆ

ಇಲ್ಲಿ ಕ್ರಮ ತಿರುಗುಮುರುಗು. ಮೊದಲು ತಿಂಡಿ, ಆಮೇಲೆ ನಡಿಗೆ, ನಡಿಗೆಯ ನಡುವೆ ಮತ್ತೆ ತಿಂಡಿ. ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದು ಗಾಂಧಿ ಬಜಾರಿಗೆ ನಡೆದರೆ 1943ರ ವಿದ್ಯಾರ್ಥಿ ಭವನ ಎಂಬ ಹೋಟೆಲು ಸಿಗುತ್ತದೆ. ಶನಿವಾರ, ಭಾನುವಾರ ಬಾಗಿಲಲ್ಲಿ ಹೆಸರು ಬರೆಸಿ ಹೊರಗೆ ನಿಲ್ಲಬೇಕು. ಹೀಗೆ ನಿಲ್ಲುವುದನ್ನು ಹಲವರು ದೂರುತ್ತಾರೆ. ನನಗೆ ಅದೇ ಈ ದಾರಿಯ ಅರ್ಧ ಸುಖ. ಕೆಲಸವಿಲ್ಲದೆ, ಎಲ್ಲಿಗೂ ಓಡುವ ಅವಸರವಿಲ್ಲದೆ ನಾಲ್ಕು ಜನ ಗೆಳೆಯರು ಕಾಲುದಾರಿಯಲ್ಲಿ ಮುಕ್ಕಾಲು ಗಂಟೆ ನಿಂತು ಹರಟುವ ಅವಕಾಶ ಈ ಊರಿನಲ್ಲಿ ಬೇರೆಲ್ಲಿ ಸಿಗುತ್ತದೆ? ಒಳಗೆ ಹೋದ ಮೇಲೆ ಮಾತಿಗೆ ಎಡೆಯಿಲ್ಲ. ಒಂದರ ಮೇಲೊಂದು ದೋಸೆ ತಟ್ಟೆಗಳನ್ನು ಮೊಣಕೈವರೆಗೂ ಪೇರಿಸಿಕೊಂಡು ಮೇಜುಗಳ ನಡುವೆ ಬರುವವರನ್ನು ನೋಡುತ್ತ ಕೂರುವುದು, ದೋಸೆ ಬಂದೊಡನೆ ತಲೆ ತಗ್ಗಿಸುವುದು. ದಪ್ಪನೆಯ, ಹೊರಗೆ ಕೆಂಪಗೆ ಗರಿಗರಿ, ಒಳಗೆ ಮೆತ್ತಗಿನ ದೋಸೆ. ಜೊತೆಗೆ ತೆಳ್ಳನೆಯ ಚಟ್ನಿ. ಕಾಯುತ್ತಿರುವವರು ಕಿಟಕಿಯಾಚೆ ಕಾಣುತ್ತಿರುವಾಗ ಎರಡನೆಯ ಕಾಫಿ ಹೇಳಲು ಗಟ್ಟಿ ಎದೆ ಬೇಕು.

ಕಾಯುವ ತಾಳ್ಮೆ ಇಲ್ಲದವರಿಗೆ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ ಇದೆ. ಇಡ್ಲಿ, ವಡೆ, ಖಾರಾಬಾತು, ಕೇಸರಿಬಾತು, ಕಾಫಿ ಎಂದು ಪಟ್ಟಿ ಅಲ್ಲಿಗೆ ಮುಗಿಯಿತು. ಸಾಂಬಾರಿಲ್ಲ, ಚಟ್ನಿ ಮಾತ್ರ. ಕೂರುವ ಮಾತಿಲ್ಲ, ರಸ್ತೆ ಬದಿ ನಿಂತೇ ತಿನ್ನಬೇಕು. ಖಾಲಿಯಾದ ತಟ್ಟೆ ಹಿಡಿದು ಹೋದರೆ ಮತ್ತೆ ಚಟ್ನಿ ಸುರಿಯುತ್ತಾರೆ, ಇಡ್ಲಿ ಮುಳುಗುವಷ್ಟು. ಭಾನುವಾರ ರಜೆ ಎಂಬುದನ್ನು ನೆನಪಿಡಿ.

ತಿಂದ ಮೇಲೆ ಗಾಂಧಿ ಬಜಾರು. ಇತ್ತೀಚೆಗೆ ರಸ್ತೆ ಅಗೆದು ಕಾಲುದಾರಿ ಅಗಲ ಮಾಡಿದ್ದಾರೆ, ಇಬ್ಬರು ಜೊತೆಯಾಗಿ ನಡೆಯಬಹುದು. ಹೂವಿನವರು, ಬಾಳೆಎಲೆಯವರು, ಮಾವಿನ ಸೊಪ್ಪಿನವರು. ಸುಬ್ಬಮ್ಮ ಅಂಗಡಿಯಲ್ಲಿ ಕೋಡುಬಳೆ, ನಿಪ್ಪಟ್ಟು, ಕಾಂಗ್ರೆಸ್ ಕಡಲೆಬೀಜ. ಅಂಕಿತದಲ್ಲಿ ಕನ್ನಡ ಪುಸ್ತಕ. ಪುಸ್ತಕದ ಹುಚ್ಚಿನ ಗೆಳೆಯ ಜೊತೆಗಿದ್ದರೆ ಅವನನ್ನು ಅಲ್ಲೇ ಬಿಟ್ಟು ಕೋಡುಬಳೆ ಮುಗಿಸಿ ಬರುವುದು ಜಾಣತನ.

ಅಲ್ಲಿಂದ ಕಹಳೆ ಬಂಡೆ, ದೊಡ್ಡ ಗಣಪತಿ, ದೊಡ್ಡ ಬಸವಣ್ಣ. ಒಂದೇ ಕಲ್ಲಿನಲ್ಲಿ ಕಡೆದ, ಸುಮಾರು 15 ಅಡಿ ಎತ್ತರದ ಬಸವ. ಕಾರ್ತಿಕದ ಕೊನೆಯ ಸೋಮವಾರ ಇಲ್ಲಿ ಕಡಲೆಕಾಯಿ ಪರಿಷೆ. ಈಗೀಗ ಅದು ಒಂದು ದಿನಕ್ಕೆ ಮುಗಿಯುವುದಿಲ್ಲ, ಹಿಂದಿನ ಶನಿವಾರ ಭಾನುವಾರಗಳಲ್ಲೇ ರಸ್ತೆಯ ಎರಡೂ ಬದಿ ಕಡಲೆಕಾಯಿ ಗುಡ್ಡೆಗಳು ಎದ್ದಿರುತ್ತವೆ. ವರ್ಷದಲ್ಲಿ ಒಂದೇ ಸಲ ಬಸವನಗುಡಿಗೆ ಬರುವವರು ಆ ವಾರಾಂತ್ಯವನ್ನೇ ಆರಿಸಿಕೊಳ್ಳಲಿ; ಹಸಿ, ಹುರಿದ, ಬೇಯಿಸಿದ ಮೂರನ್ನೂ ರುಚಿ ನೋಡಿ, ಚೌಕಾಸಿ ಮಾಡಿ, ಸೇರು ಎರಡು ಸೇರು ಕಟ್ಟಿಸಿಕೊಂಡು ಹೋಗಲಿ. ಕಹಳೆ ಬಂಡೆಯ ಮೇಲೆ ಕೂತು ಸಿಪ್ಪೆ ಬಿಡಿಸುತ್ತ ಆಡುವ ಮಾತಿಗೆ ಗಡಿಯಾರವಿಲ್ಲ. ಸಿಪ್ಪೆಯನ್ನು ಮಾತ್ರ ಅಲ್ಲೇ ಬಿಟ್ಟುಬರಬೇಡಿ.

ಬಹಳ ವರ್ಷದ ಗೆಳೆಯರಿಗೆ ಇದು ಹೇಳಿಮಾಡಿಸಿದ ದಾರಿ. ಹೊಸಬರೊಡನೆ ಅಷ್ಟು ಒಗ್ಗುವುದಿಲ್ಲ. ಅಷ್ಟೊಂದು ತಿನ್ನಲು ಸ್ವಲ್ಪ ಸಲಿಗೆ ಬೇಕು.

ಪೇಟೆ: ಒಬ್ಬ ಗೆಳೆಯ, ಒಂದು ಶನಿವಾರ

ಐದರಲ್ಲಿ ನನಗೆ ಹತ್ತಿರವಾದದ್ದು ಇದೇ. ಆದರೂ ಎಲ್ಲರಿಗೂ ಇದನ್ನು ಹೇಳುವುದಿಲ್ಲ. ಅವೆನ್ಯೂ ರಸ್ತೆ, ಚಿಕ್ಕಪೇಟೆ, ಬಳೇಪೇಟೆಗಳಲ್ಲಿ ಇಬ್ಬರು ಪಕ್ಕಪಕ್ಕ ನಡೆಯಲು ಆಗುವುದಿಲ್ಲ. ಕೈಗಾಡಿ, ಆಟೊ, ಬಟ್ಟೆ ಗಂಟು, ಇವುಗಳ ನಡುವೆ ಮುಂದಿರುವ ಗೆಳೆಯನ ಬೆನ್ನನ್ನು ಕಣ್ಣಲ್ಲಿಟ್ಟುಕೊಂಡು ಹೋಗಬೇಕು. ಮೂರು ಜನವಾದರೆ ಒಬ್ಬರು ಕಳೆದುಹೋಗುತ್ತಾರೆ, ಆರು ಜನವಾದರೆ ಇಡೀ ಬೆಳಿಗ್ಗೆ ‘ಎಲ್ಲಿದ್ದೀಯ’ ಎಂದು ಫೋನಿನಲ್ಲೇ ಕಳೆಯುತ್ತದೆ. ಇಬ್ಬರೇ ಬನ್ನಿ.

ಆ ಇಬ್ಬರು ಯಾರೆಂಬುದೂ ಮುಖ್ಯ. ಮಾತಿಲ್ಲದೆ ಜೊತೆಗಿರಬಲ್ಲ ಹಳೆಯ ಗೆಳೆಯನಾದರೆ ಸರಿ. ಇಲ್ಲವೇ, ವಿಚಿತ್ರವೆನಿಸಬಹುದು, ಈಗಷ್ಟೇ ಪರಿಚಯವಾದ ಕಚೇರಿಯ ಗೆಳೆಯನಾದರೂ ಸರಿ. ಏನು ಮಾತಾಡುವುದು ಎಂಬ ಮುಜುಗರಕ್ಕೆ ಇಲ್ಲಿ ಜಾಗವೇ ಇಲ್ಲ. ಹತ್ತು ಹೆಜ್ಜೆಗೊಮ್ಮೆ ರಸ್ತೆಯೇ ಮಾತು ಒದಗಿಸುತ್ತದೆ. ಮಧ್ಯಮ ಸ್ನೇಹಕ್ಕೆ ಮಾತ್ರ ಪೇಟೆ ಒಳ್ಳೆಯದಲ್ಲ.

ಶನಿವಾರವೇ ಆಗಬೇಕು, ಅದಕ್ಕೆ ಎರಡು ಕಾರಣ. ಭಾನುವಾರ ಚಿಕ್ಕಪೇಟೆಯ ಹೆಚ್ಚಿನ ಅಂಗಡಿಗಳು ಬಾಗಿಲು ಹಾಕಿರುತ್ತವೆ. ಇನ್ನೊಂದು, ಕೆ.ಆರ್. ಮಾರುಕಟ್ಟೆಯ ಹೂವಿನ ವಹಿವಾಟು ಬೆಳಕು ಹರಿಯುವ ಮೊದಲೇ ಶುರುವಾಗುತ್ತದೆ. ಭಾನುವಾರದ ಮೆಟ್ರೊ ಹಿಡಿದು ಬಂದವರಿಗೆ ಸಿಗುವುದು ಅದರ ಬಾಲ ಮಾತ್ರ. ಶನಿವಾರ ಮೊದಲ ರೈಲಿಗೇ ಬಂದು ಮಾರುಕಟ್ಟೆ ನಿಲ್ದಾಣದಲ್ಲಿ ಇಳಿಯಿರಿ.

ಮಾರುಕಟ್ಟೆಯ ಕಟ್ಟಡದೊಳಗೆ ಮೊದಲು ಮೇಲಿನ ಅಂತಸ್ತಿಗೆ ಹೋಗಿ ಕಟಕಟೆಗೆ ಒರಗಿ ಕೆಳಗೆ ನೋಡಿ. ಸೇವಂತಿಗೆಯ ಹಳದಿ, ಚೆಂಡುಹೂವಿನ ಕಿತ್ತಳೆ, ಬಿಡಿ ಗುಲಾಬಿಯ ರಾಶಿ, ಒಂದು ಮೂಲೆಯಲ್ಲಿ ಸುಗಂಧರಾಜ, ಬುಟ್ಟಿಗಳಲ್ಲಿ ಕನಕಾಂಬರ. ಆಮೇಲೆ ಕೆಳಗಿಳಿದರೆ ಅದೇ ಬಣ್ಣಗಳ ನಡುವೆ ಗದ್ದಲ. ಬಿಡಿ ಹೂವಿಗೆ ತೂಕದ ಲೆಕ್ಕ, ಕಟ್ಟಿದ ಹೂವಿಗೆ ಮಾರಿನ ಲೆಕ್ಕ. ತಕ್ಕಡಿ ಸಮವಾದ ಮೇಲೂ ಕೊಳ್ಳುವವಳು ಕೈ ತೆಗೆಯುವುದಿಲ್ಲ, ಮಾರುವವನು ಗೊಣಗುತ್ತ ಇನ್ನೊಂದು ಬೊಗಸೆ ಕೊಸರು ಹಾಕುತ್ತಾನೆ, ಆಗ ಗಂಟು ಬೀಳುತ್ತದೆ. ತಲೆಯ ಮೇಲೆ ಮೂಟೆ ಹೊತ್ತವರು ಯಾರಿಗಾಗಿಯೂ ನಿಲ್ಲುವುದಿಲ್ಲ, ಸರಿಯಬೇಕಾದವರು ನಾವು. ನೆಲವೆಲ್ಲ ಒದ್ದೆ ದಂಟು, ಕೊಳೆತ ಎಸಳು. ಹಳೆಯ ಬೂಟು ಹಾಕಿಕೊಂಡು ಬರುವುದು ಒಳ್ಳೆಯದು. ಫೋಟೊ ತೆಗೆಯುವ ಮೊದಲು ಒಂದು ಮಾತು ಕೇಳಿ, ಇಲ್ಲವೇ ಎರಡು ಮಾರು ಹೂವಾದರೂ ಕೊಳ್ಳಿ. ವ್ಯಾಪಾರದ ಹೊತ್ತಿನಲ್ಲಿ ದಾರಿಗೆ ಅಡ್ಡ ನಿಂತು ಕ್ಯಾಮೆರಾ ಹಿಡಿಯುವವರ ಬಗ್ಗೆ ಅಲ್ಲಿನವರು ಏನನ್ನುತ್ತಾರೆಂದು ಇಲ್ಲಿ ಬರೆಯಲಾರೆ.

ಈ ಪ್ರದೇಶದ ಬೀದಿದೀಪಗಳಿಗೆ ಶಿವನಸಮುದ್ರದ ವಿದ್ಯುತ್ ಬಂದದ್ದು 1905ರ ಆಗಸ್ಟ್ 5ರಂದು. ಪಕ್ಕದಲ್ಲೇ ಕೋಟೆ. ಮಣ್ಣಿನ ಕೋಟೆಯನ್ನು ಹೈದರಾಲಿ ಕಲ್ಲಿನಲ್ಲಿ ಕಟ್ಟಿಸಿದ. 1791ರ ಮಾರ್ಚ್‌ನಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಸೈನ್ಯ ಅದನ್ನು ಹಿಡಿಯಿತು. ಈಗ ಉಳಿದಿರುವುದು ದೆಹಲಿ ಬಾಗಿಲಿನ ಭಾಗವಷ್ಟೇ. ತುಸು ಆಚೆ ಟಿಪ್ಪುವಿನ ಬೇಸಿಗೆ ಅರಮನೆಯೂ ಅದಕ್ಕೆ ಅಂಟಿದಂತೆ ಕೋಟೆ ವೆಂಕಟರಮಣ ದೇವಸ್ಥಾನವೂ ಇವೆ. ಹೂವು ಮುಗಿದು ಬಟ್ಟೆ ಅಂಗಡಿ ತೆರೆಯುವವರೆಗಿನ ಎರಡು ಮೂರು ಗಂಟೆಯನ್ನು ಇಲ್ಲೂ ತಿಂಡಿಯಲ್ಲೂ ಕಳೆಯಬೇಕು.

ಆಮೇಲೆ ಅವೆನ್ಯೂ ರಸ್ತೆ ಹಿಡಿಯಿರಿ. ಕಾಲುದಾರಿಯಲ್ಲಿ ಹಳೆಯ ಪಠ್ಯಪುಸ್ತಕಗಳ ಅಂಗಡಿಗಳು. ನಡುವೆ ರೈಸ್ ಸ್ಮಾರಕ ಚರ್ಚ್. ಅದರ ಹೆಸರಿನ ಬೆಂಜಮಿನ್ ರೈಸ್ ಬೇರೆ ಯಾರೂ ಅಲ್ಲ, ನಮ್ಮ ಶಾಸನಗಳನ್ನೆಲ್ಲ ಸಂಗ್ರಹಿಸಿ ಅಚ್ಚು ಹಾಕಿಸಿದ ಬಿ.ಎಲ್. ರೈಸ್ ಅವರ ತಂದೆ. ಈ ಗದ್ದಲದಲ್ಲಿ ಆ ಚರ್ಚಿನ ಗೇಟನ್ನು ಎಷ್ಟೋ ಜನ ಗಮನಿಸುವುದೇ ಇಲ್ಲ. ಅವೆನ್ಯೂ ರಸ್ತೆಗೆ ಚಿಕ್ಕಪೇಟೆಯ ರಸ್ತೆ ಕೂಡುವ ಕಡೆಯಿಂದಲೇ 1537ರಲ್ಲಿ ಕೆಂಪೇಗೌಡರು ನಾಲ್ಕು ದಿಕ್ಕಿಗೆ ನೇಗಿಲು ಹೂಡಿಸಿ ಊರು ಗುರುತು ಮಾಡಿಸಿದರೆಂದು ಪ್ರತೀತಿ. ಅಕ್ಕಿಪೇಟೆ, ರಾಗಿಪೇಟೆ, ಅರಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ ಎಂದು ಕಸುಬಿಗೊಂದು ಪೇಟೆ. ಬಳೇಪೇಟೆಯಲ್ಲಿ ಬಳೆಯ ಜೊತೆಗೆ ಸಂಗೀತ ವಾದ್ಯಗಳ ಅಂಗಡಿಗಳಿವೆ. ತಬಲದ ಮುಚ್ಚಿಗೆ ಬಿಗಿಸುವ ಟಕ್ ಟಕ್ ಸದ್ದು ಕೇಳಿದರೆ ನಿಂತು ನೋಡಿ, ಅದಕ್ಕೆ ದುಡ್ಡು ಕೊಡಬೇಕಿಲ್ಲ. ಚಿಕ್ಕಪೇಟೆ ನಿಲ್ದಾಣ ಅಲ್ಲೇ ಹತ್ತಿರ. ಸುಸ್ತಾದ ಕೂಡಲೇ ಭೂಮಿಯೊಳಕ್ಕೆ ಇಳಿದುಬಿಡಬಹುದು.

ಕಬ್ಬನ್ ಪಾರ್ಕ್: ಮಾತು ಬಾಕಿ ಇರುವವರಿಗೆ

ಕೆಲಸ ಬಿಟ್ಟವನು, ಮದುವೆ ಮುರಿದವಳು, ಊರು ಬಿಡುವ ಯೋಚನೆಯಲ್ಲಿರುವವರು, ಇಂಥವರನ್ನು ದೋಸೆಯ ಸರದಿಗೆ ಎಳೆದುಕೊಂಡು ಹೋಗಬಾರದು. ಕಬ್ಬನ್ ಪಾರ್ಕಿಗೆ ಕರೆದುಕೊಂಡು ಬನ್ನಿ, ಅದೂ ಭಾನುವಾರ. ಆ ದಿನ ಒಳಗಿನ ರಸ್ತೆಗಳಿಗೆ ವಾಹನ ಬಿಡುವುದಿಲ್ಲ. ಅಗಲವಾದ ಟಾರು ರಸ್ತೆ ಪೂರ್ತಿ ನಡೆಯುವವರದು. ಮುಖ ನೋಡದೆ, ಮುಂದೆ ನೋಡುತ್ತ ನಡೆಯುವಾಗ ಹೇಳಲು ಕಷ್ಟವಾದ ಮಾತೂ ಸುಲಭವಾಗಿ ಬಾಯಿಗೆ ಬರುತ್ತದೆ.

ನೋಡುವಂಥದ್ದು ಬೇಕೆಂದರೆ ಇದೆ: ಈಗ ಹೈಕೋರ್ಟ್ ಇರುವ 1868ರ ಕೆಂಪು ಅಠಾರಾ ಕಚೇರಿ, ಅದೇ ಬಣ್ಣದ ಶೇಷಾದ್ರಿ ಅಯ್ಯರ್ ಸ್ಮಾರಕದ ಕೇಂದ್ರ ಗ್ರಂಥಾಲಯ, ಬಿದಿರು ಮೆಳೆಗಳು. ಉದ್ಯಾನ 1870ರದು. ಕಡತಗಳಲ್ಲಿ ಇದಕ್ಕೆ ಶ್ರೀ ಚಾಮರಾಜೇಂದ್ರ ಉದ್ಯಾನ ಎಂದು ಹೆಸರು. ಹಾಗೆಂದು ಆಟೊದವರಿಗೆ ಹೇಳಿದರೆ ಚಾಮರಾಜಪೇಟೆಯಲ್ಲಿ ಇಳಿಸಿಯಾರು. ಫೆಬ್ರವರಿ ಮಾರ್ಚ್‌ನಲ್ಲಿ ಬಂದರೆ ನಸುಗೆಂಪು ಟಬೆಬುಯಾ, ನೇರಳೆ ಜಕರಂಡ ಅರಳಿರುತ್ತವೆ. ಶನಿವಾರ ಬೆಳಿಗ್ಗೆ ಇಲ್ಲಿ ‘ಕಬ್ಬನ್ ರೀಡ್ಸ್’ ಎಂಬ ಗುಂಪಿನವರು ಹುಲ್ಲಿನ ಮೇಲೆ ಕೂತು ಮೌನವಾಗಿ ಪುಸ್ತಕ ಓದುತ್ತಾರೆ. ಮಾತು ಬೇಡ, ಜೊತೆ ಮಾತ್ರ ಬೇಕು ಎನ್ನುವ ಗೆಳೆಯರಿಗೆ ಅದು ಒಳ್ಳೆಯ ಏರ್ಪಾಡು.

ಪಾರ್ಕಿನಿಂದ ಹೊರಬಂದು ಚರ್ಚ್ ಸ್ಟ್ರೀಟಿಗೆ ನಡೆದರೆ ಬ್ಲಾಸಮ್, ಬುಕ್‌ವರ್ಮ್ ಪುಸ್ತಕದಂಗಡಿಗಳು, ಪೇಟ ತೊಟ್ಟವರು ಕಾಫಿ ತಂದಿಡುವ ಇಂಡಿಯಾ ಕಾಫಿ ಹೌಸ್. ಕಾಫಿ ಹೌಸಿನಲ್ಲಿ ಮಾತು ಮುಂದುವರಿಯಲಿ. ಇಲ್ಲಿ ತಿಂಡಿಗಾಗಿ ಬರಬೇಡಿ. ಆ ವಿಷಯದಲ್ಲಿ ಬಸವನಗುಡಿಯ ಮುಂದೆ ಈ ಭಾಗ ಮಂಕು. ಸಂಜೆ ಬಂದರೆ ಚರ್ಚ್ ಸ್ಟ್ರೀಟ್ ಪೂರ್ತಿ ಸಂಗೀತ, ಗದ್ದಲ. ಅದು ಬೇರೆಯದೇ ವಯಸ್ಸಿನವರ ಸುಖ.

ಮಲ್ಲೇಶ್ವರ: ದೂರದಿಂದ ಬಂದ ಗೆಳೆಯರಿಗೆ

ಅಮೆರಿಕದಿಂದಲೋ ದುಬೈಯಿಂದಲೋ ರಜೆಗೆ ಬಂದವರು ‘ಊರು ಗುರುತೇ ಸಿಗುವುದಿಲ್ಲ’ ಎಂದು ಹಲುಬುತ್ತಿದ್ದರೆ ಮಲ್ಲೇಶ್ವರಕ್ಕೆ ಕರೆತನ್ನಿ. ಅಡ್ಡರಸ್ತೆಗಳಿಗೆ ಸಂಖ್ಯೆಯಿರುವುದರಿಂದ ದಾರಿ ತಪ್ಪುವ ಭಯವಿಲ್ಲ. ಸಂಪಿಗೆ ರಸ್ತೆ ನಿಲ್ದಾಣದಿಂದ ಹೊರಟು, ಏಳನೇ ಅಡ್ಡರಸ್ತೆಯ ಸಿ.ಟಿ.ಆರ್.ನಲ್ಲಿ ಬೆಣ್ಣೆ ದೋಸೆ, ಎಂಟನೇ ಅಡ್ಡರಸ್ತೆಯಲ್ಲಿ ಹೂವು ಹಣ್ಣು, ಹದಿನೈದರಲ್ಲಿ ವೀಣಾ ಸ್ಟೋರ್ಸ್‌ನ ಇಡ್ಲಿ. ಎರಡೂ ಕಡೆ ತಿನ್ನುವ ಆಸೆಯಿದ್ದರೆ ಒಂದೊಂದೇ ಹೇಳಿ ಹಂಚಿಕೊಳ್ಳಿ. ಕಾಡು ಮಲ್ಲೇಶ್ವರ ದೇವಸ್ಥಾನದ ಎದುರಿನ ನಂದಿತೀರ್ಥವನ್ನು ತಪ್ಪಿಸಬೇಡಿ. ಮಣ್ಣಿನಡಿ ಹುದುಗಿದ್ದ ಈ ಕಲ್ಯಾಣಿ ಬೆಳಕಿಗೆ ಬಂದದ್ದು 1997ರಲ್ಲಿ. ನಂದಿಯ ಬಾಯಿಂದ ಬೀಳುವ ನೀರು ಕೆಳಗಿನ ಲಿಂಗದ ಮೇಲೆ ಸುರಿಯುತ್ತದೆ.

ಕೊನೆಗೆ 1882ರ ಸ್ಯಾಂಕಿ ಕೆರೆ. ಹೆಜ್ಜೆ ಎಣಿಸುವ ಗಡಿಯಾರ ಕಟ್ಟಿಕೊಂಡ ಗೆಳೆಯ ಒಬ್ಬನಾದರೂ ಇದ್ದೇ ಇರುತ್ತಾನಲ್ಲ, ಅವನನ್ನು ಅಲ್ಲಿ ಬಿಟ್ಟರೆ ಲೆಕ್ಕ ಮುಟ್ಟುವವರೆಗೂ ಸುತ್ತುತ್ತಿರುತ್ತಾನೆ. ಉಳಿದವರು ಬೆಂಚು ಹಿಡಿಯಬಹುದು. ಬಸವನಗುಡಿಗೂ ಇದಕ್ಕೂ ಇರುವ ವ್ಯತ್ಯಾಸ ಕೆರೆಯೊಂದೇ ಎಂದು ಯಾರಾದರೂ ಹೇಳಿದರೆ ವಾದ ಮಾಡಲಾರೆ. ಆದರೆ ಹಬ್ಬದ ಹಿಂದಿನ ಶನಿವಾರ ಎಂಟನೇ ಅಡ್ಡರಸ್ತೆಯಲ್ಲಿ ಕಾಲಿಡಲೂ ಆಗುವುದಿಲ್ಲ, ಅಂಥ ವಾರ ಗಾಂಧಿ ಬಜಾರೂ ಹಾಗೆಯೇ. ಆಗ ಕಬ್ಬನ್ ಪಾರ್ಕೇ ಗತಿ.

ಬೆಳಿಗ್ಗೆ ಏಳಲಾರೆ ಎಂದು ಹಟ ಹಿಡಿಯುವ ಗೆಳೆಯರಿದ್ದರೆ ಈ ಐದನ್ನೂ ಬದಿಗಿಟ್ಟು ಸಂಜೆ ಸಜ್ಜನ್ ರಾವ್ ವೃತ್ತದ ಬಳಿಯ ವಿ.ವಿ. ಪುರದ ತಿಂಡಿ ಬೀದಿಗೆ ಬನ್ನಿ. ಏಪ್ರಿಲ್ ಮೇ ತಿಂಗಳಿನಲ್ಲಿ, ಮತ್ತೆ ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಸಂಜೆ ಮಳೆ ಸಾಮಾನ್ಯ, ಕೊಡೆ ಇರಲಿ. ಚಳಿಗಾಲದಲ್ಲಾದರೆ ಅವರೆಬೇಳೆ ದೋಸೆ ಸಿಗುತ್ತದೆ. ನಡೆಯುವುದು ಇಲ್ಲಿ ಒಂದು ನೆಪ. ಬೀದಿ ಇರುವುದೇ ಅಷ್ಟುದ್ದ. ಮನಸ್ಸಾಕ್ಷಿ ಚುಚ್ಚಿದರೆ ವಾಪಸು ನ್ಯಾಷನಲ್ ಕಾಲೇಜು ನಿಲ್ದಾಣದವರೆಗೆ ಆಟೊ ಹತ್ತದೆ ನಡೆದು ಹೋಗಿ.